ಕಾರಿನ ಹವಾ ಬದಲಾವಣೆ

ನಮ್ಮ ಹಟ್ಟಿಯಲ್ಲಿ ಯಾರ ಮನೆಗೆ ಕಾರಿದೆ ಎಂದು ತಿಳಿಯಲು ಕಾರನ್ನು ಹುಡುಕಬೇಕಾಗಿಲ್ಲ, ಕಲ್ಲನ್ನು ಹುಡುಕಿದರೆ ಸಾಕು. ಕಾರಿರುವ ಮನೆಯ ಮುಂದೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಇದ್ದೇ ಇರುತ್ತದೆ. ಕಾರು ನಿಂತಾಗ ಅದು ಚಕ್ರದಡಿಗೆ ಹೋಗುತ್ತದೆ, ಹೊರಟಾಗ ಪಕ್ಕಕ್ಕೆ ಬರುತ್ತದೆ. ನೀಲಗಿರಿಯಲ್ಲಿ ಸಮತಟ್ಟಾದ ಜಾಗ ಎಂದರೆ ಒಂದು ನಮ್ಮ ಹಟ್ಟಿಯ ನಡುವಿನ ಅಂಗಳ, ಇನ್ನೊಂದು ಊಟಿಯ ರೇಸ್ ಕೋರ್ಸು. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ನೀವು ಯಾವ ಕಡೆಗೆ ಮುಖ ಮಾಡಿ ನಿಂತಿದ್ದೀರಿ ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. ಹ್ಯಾಂಡ್ ಬ್ರೇಕನ್ನು ನಂಬುವವರು ಬಯಲುಸೀಮೆಯಿಂದ ಬಂದ ಪ್ರವಾಸಿಗಳು ಮಾತ್ರ.

ನಮ್ಮ ಮನೆ ಮುಂದಿನ ಕಲ್ಲಿಗೆ ಕೆಲವು ತಿಂಗಳಿಂದ ಕೆಲಸವಿಲ್ಲ. ಮೊನ್ನೆ ನನ್ನ ಹೆಂಡತಿ ಅದನ್ನು ಸೌದೆಗೆ ಮುಚ್ಚಿದ ಟಾರ್ಪಾಲಿನ ಮೇಲೆ ಹೇರಿದ್ದನ್ನು ಕಂಡು ನನಗೆ ಒಂಥರಾ ಆಯಿತು. ಕಾರು ಕೆಳಗೆ, ಮಾವನಲ್ಲ ಎಂಬ ಊರಿನಲ್ಲಿದೆ. ಅದಕ್ಕೆ ಇಲ್ಲಿಯ ಗಾಳಿ ಆಗುವುದಿಲ್ಲ ಎಂದು ಹಟ್ಟಿಯವರೆಲ್ಲ ನಂಬಿದ್ದಾರೆ. ಆ ನಂಬಿಕೆಯನ್ನು ಅವರಿಗೆ ಕೊಟ್ಟವನು ನಾನು, ಕೂದಲು ಹಣ್ಣಾಗುವ ತನಕ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತನಾದವನು.

ಮಂಜೂರಿನಿಂದ ಮೇಲಕ್ಕೆ, ಬಸ್ಸು ಇನ್ನು ಸಾಕು ಎಂದು ತಿರುಗಿಕೊಳ್ಳುವ ಜಾಗದಲ್ಲಿದೆ ನಮ್ಮ ಹಟ್ಟಿ. ನಮ್ಮ ಮಾತು ಬಡಗ. ನಾನು ಮೈಸೂರಿನ ಕಾಲೇಜಿನಲ್ಲಿ ಓದಿದ್ದರಿಂದ ನಿಮ್ಮ ಕನ್ನಡ ಬರೆಯುವುದನ್ನು ಕಲಿತೆ. ಈ ಕಥೆಯಲ್ಲಿ ಬರುವವರ ಮಾತನ್ನು ನಿಮಗೆ ತಿಳಿಯುವಷ್ಟು ಕನ್ನಡದ ಕಡೆಗೆ ಎಳೆದಿದ್ದೇನೆ. ಮೈಸೂರಿನ ಹಾಸ್ಟೆಲಿನಲ್ಲಿ ರೂಮಿನವರು, ನಿಮ್ಮ ಕಡೆ ಆಕ್ಸಿಜನ್ ಕಡಿಮೆಯಂತಲ್ಲ, ನೀವೆಲ್ಲ ಹೇಗೆ ಬದುಕುತ್ತೀರಿ ಎಂದು ಕೇಳುತ್ತಿದ್ದರು. ಅಭ್ಯಾಸವಾಗಿದೆ ಎಂದು ಗಂಭೀರವಾಗಿ ಹೇಳುತ್ತಿದ್ದೆ. ಮೊದಲ ವರ್ಷ ಗಣಿತದಲ್ಲಿ ನಪಾಸಾದಾಗ, ಕೆಳಗೆ ಆಕ್ಸಿಜನ್ ಜಾಸ್ತಿ, ಪರೀಕ್ಷೆ ಹೊತ್ತಿಗೆ ತಲೆ ತಿರುಗಿತು ಎಂದು ಮನೆಗೆ ಹೇಳಿದೆ. ಅಪ್ಪ ನಂಬಿದರು. ಅಂದಿನಿಂದ ಆ ಅನಿಲದ ಬಗ್ಗೆ ನನಗೆ ಒಂದು ಕೃತಜ್ಞತೆ ಉಳಿದುಕೊಂಡಿದೆ.

ಕಾರು ನನ್ನದಲ್ಲ, ಕುನ್ನಪ್ಪನದು. ಕುನ್ನಪ್ಪ ಎಂದರೆ ಅಪ್ಪನ ತಮ್ಮ, ನಿಮ್ಮ ಲೆಕ್ಕದಲ್ಲಿ ಚಿಕ್ಕಪ್ಪ. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊಟ ನಮ್ಮಲ್ಲಿ, ಮಲಗುವುದು ಅವರಲ್ಲಿ. ತುಂಡು ಟೀ ತೋಟವಿದೆ. ಲೀಫ್, ಅಂದರೆ ಟೀ ಎಲೆ, ಕಿತ್ತು ಅದನ್ನು ಕೊಳ್ಳುವ ಶೆಡ್ಡಿಗೆ ಹಾಕುವುದು ಬಿಟ್ಟರೆ ಅವರಿಗಿದ್ದ ಒಂದೇ ಷೋಕಿ ಈ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಮೊದಲೇ ಕಡಿಮೆ ಮಾತಿನವರು. ಈಚೆಗೆ ಒಂದು ಮಾತು ಶುರು ಮಾಡಿದರೆ ನಡುವೆ ನಿಂತುಬಿಡುತ್ತಿದ್ದರು. ಹೊಸಬರು, ಅವರು ಆಳವಾಗಿ ಯೋಚಿಸುತ್ತಿದ್ದಾರೆ ಎಂದುಕೊಂಡು ಗೌರವದಿಂದ ಕಾಯುತ್ತಿದ್ದರು. ಕುನ್ನಪ್ಪ ಉಸಿರಿಗೆ ಕಾಯುತ್ತಿದ್ದರು.

ಬೀಡಿಯದು ಅರ್ಧ ಪಾಲು, ಒಲೆ ಹೊಗೆಯದು ಅರ್ಧ. ಕೂನೂರಿನ ಡಾಕ್ಟರು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿ, ನನ್ನನ್ನು ಹೊರಗೆ ಕರೆದು, ಶ್ವಾಸಕೋಶ ಸೋತಿದೆ, ಇಷ್ಟು ಎತ್ತರದ ಗಾಳಿ ಇವರಿಗೆ ಸಾಲದು, ಕೆಳಗೆ ಎಲ್ಲಾದರೂ ಇಟ್ಟುಕೊಳ್ಳಿ, ಇಲ್ಲೇ ಇದ್ದರೆ ಬರುವ ಚಳಿಗಾಲ ದಾಟಿಸುವುದು ಕಷ್ಟ ಎಂದರು. ಕೆಳಗೆ ಎಂದರೆ ನಮಗೆ ಹೊಳೆದದ್ದು ಮಾವನಲ್ಲ. ನನ್ನ ತಂಗಿ ಗೌರಿಯನ್ನು ಅಲ್ಲಿಗೆ ಕೊಟ್ಟಿದೆ. ಮಸಿನಗುಡಿಯ ಪಕ್ಕ, ಬೆಚ್ಚಗಿನ ಊರು, ಮನೆ ದೊಡ್ಡದು. ಗೌರಿ ಫೋನಿನಲ್ಲೇ ರೂಮು ಗುಡಿಸಲು ಶುರು ಮಾಡಿದಳು.

ಕುನ್ನಪ್ಪ ಒಪ್ಪಲಿಲ್ಲ. ಅದು ಹೆಣ್ಣು ಕೊಟ್ಟ ಮನೆ; ಒಂದು ದಿನ ಹೋಗಬಹುದು, ಕೋಳಿ ತಿನ್ನಬಹುದು, ಸಾಯಂಕಾಲದ ಬಸ್ಸು ಹಿಡಿಯಬೇಕು. ತಿಂಗಳುಗಟ್ಟಲೆ ಅಲ್ಲಿ ಕೂತು ಉಂಡರೆ ಹಟ್ಟಿಯಲ್ಲಿ ಏನಂದಾರು? ಇದು ಎಲ್ಲರ ಮುಂದೆ ಹೇಳಿದ ಕಾರಣ. ಇನ್ನೊಂದನ್ನು ನನಗೊಬ್ಬನಿಗೇ ಹೇಳಿದರು.

"ಅಲ್ಲಿ ಸತ್ರೆ," ಎಂದರು. ನಿಂತರು. "ಎನ್ನ ಮೇಲಕ್ಕೆ..." ಮತ್ತೆ ನಿಂತರು. "ತರೋರು ಯಾರು?"

ಇದು ನಮ್ಮಲ್ಲಿ ಸಣ್ಣ ಮಾತಲ್ಲ. ಯಾರಾದರೂ ಹೋದರೆ ಸುತ್ತಲಿನ ಹಟ್ಟಿಗಳೆಲ್ಲ ಕೆಲಸ ಬಿಟ್ಟು ಬರುತ್ತವೆ. ಹಿರಿಯರೊಬ್ಬರು ಎದ್ದು ನಿಂತು, ಸತ್ತವರು ಮಾಡಿರಬಹುದಾದ ತಪ್ಪುಗಳನ್ನೆಲ್ಲ ಸಾಲಾಗಿ ಹೇಳಿ, ಎಲ್ಲವನ್ನೂ ಮನ್ನಿಸಿಬಿಡಿ ಎಂದು ಕೇಳಿ ಕಳಿಸಿಕೊಡುತ್ತಾರೆ. ಕುನ್ನಪ್ಪನ ತಪ್ಪುಗಳು ನಮ್ಮ ಹಟ್ಟಿಗೆ ಚೆನ್ನಾಗಿ ಗೊತ್ತು. ಮಾವನಲ್ಲದವರಿಗೆ ಅವುಗಳ ಪರಿಚಯವೇ ಇಲ್ಲ. ಅವರ ಚಿಂತೆ ನನಗೆ ಅರ್ಥವಾಯಿತು, ಆದರೆ ಡಾಕ್ಟರ ಮಾತೂ ಕಿವಿಯಲ್ಲೇ ಇತ್ತು. ನನಗೆ ನಿದ್ದೆ ಹಾರಿಹೋಯಿತು. ಗೋಡೆಯಾಚೆ ಅವರು ಕೆಮ್ಮಿದರೂ ಎದ್ದು ಕೂರುತ್ತಿದ್ದೆ, ಕೆಮ್ಮದಿದ್ದರೂ ಎದ್ದು ಕೂರುತ್ತಿದ್ದೆ.

ಕಾರು ಹಟ ಹಿಡಿದದ್ದು ಆಗಲೇ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಎನ್ನುವುದು, ಸುಮ್ಮನಾಗುವುದು. ಬ್ಯಾಟರಿ ಹೊಸದು, ಆದ್ದರಿಂದ ಅದರ ಮೇಲೆ ಅನುಮಾನ ಪಡುವುದು ಸರಿಯಲ್ಲ ಎಂದು ಬಿಟ್ಟೆವು. ಬಯಲುಸೀಮೆಯಲ್ಲಾಗಿದ್ದರೆ ಮೊದಲ ಟಕ್ಕಿಗೇ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದರು. ನಾವು ಕರೆಯುವುದಿಲ್ಲ. ಕಲ್ಲು ತೆಗೆದರೆ ಕಾರು ತಾನಾಗಿ ಇಳಿಯುತ್ತದೆ, ಗೇರ್ ಹಾಕಿ ಕ್ಲಚ್ ಬಿಟ್ಟರೆ ಗುರ್ ಎಂದು ಎದ್ದುಕೊಳ್ಳುತ್ತದೆ. ಈ ಒಂದು ಸೌಕರ್ಯದಿಂದಾಗಿ ನೀಲಗಿರಿಯ ಅರ್ಧದಷ್ಟು ವಾಹನಗಳಿಗೆ ತಮ್ಮ ಕಾಯಿಲೆ ಏನೆಂದೇ ತಿಳಿಯದೆ ಆಯುಸ್ಸು ಮುಗಿಯುತ್ತದೆ.

ನಾನು ಸಣ್ಣವನಿದ್ದಾಗ ನಾವು ಸ್ಕೂಲಿಗೆ ಹೋಗುತ್ತಿದ್ದ ವ್ಯಾನೂ ಹಾಗೆಯೇ ಇತ್ತು. ಅದು ಹೊರಡುವ ಜಾಗ ದುರದೃಷ್ಟಕ್ಕೆ ಕೊಂಚ ತಗ್ಗಿನಲ್ಲಿತ್ತು. ಹಾಗಾಗಿ ಮಕ್ಕಳೆಲ್ಲ ಬ್ಯಾಗನ್ನು ವ್ಯಾನಿನೊಳಗೆ ಎಸೆದು ಹಿಂದಿನಿಂದ ನೂಕಬೇಕು. ದೊಡ್ಡವರು ಚಕ್ರದ ಪಕ್ಕ, ಚಿಕ್ಕವರು ನಡುವೆ, ಮಾನಿಟರ್ ಆದವನು ನೂಕದೆ ಕೂಗಬೇಕು. ವ್ಯಾನು ಎದ್ದ ಕೂಡಲೇ ಓಡಿ ಹತ್ತಬೇಕು, ಏಕೆಂದರೆ ಡ್ರೈವರ್ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಹತ್ತಲಾಗದೆ ಉಳಿದವರ ಬ್ಯಾಗು ಸ್ಕೂಲಿಗೆ ಹೋಗಿ ಪಾಠ ಕೇಳಿ ಸಂಜೆ ಬರುತ್ತಿತ್ತು. ನನ್ನ ಬ್ಯಾಗು ಹಾಗೆ ಬಹಳಷ್ಟು ಕಲಿತಿದೆ.

ಕೊನೆಗೆ ಹಟ್ಟಿಯ ಇಳಿಜಾರಿಗೂ ಕಾರು ಜಗ್ಗದ ದಿನ ಬಂತು. ಎರಡನೆಯ ತಿರುವಿನ ತನಕ ಉರುಳಿಸಿ ಎಬ್ಬಿಸಿ ಊಟಿಗೆ ಕೊಂಡೊಯ್ದೆವು. ಅಲ್ಲಿ ಮೆಕ್ಯಾನಿಕ್ ಕೀಲಿ ತಿರುಗಿಸಿದಾಗಲೆಲ್ಲ ಅದು ಮೊದಲ ಬಾರಿಗೇ ಎದ್ದಿತು. ಡಾಕ್ಟರ ಮುಂದೆ ಕುನ್ನಪ್ಪನಿಗೂ ಕೆಮ್ಮು ಬರುತ್ತಿರಲಿಲ್ಲ. ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗೆ ಅಂಗೈಯಗಲದ ಒಂದು ಯಂತ್ರ ಚುಚ್ಚಿ, ಅದರ ಗಾಜು ನೋಡಿ, ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದ. ಮೀಟರಿನ ಮೇಲೆ ಒಂದು ಹಳದಿ ದೀಪ ವರ್ಷದಿಂದ ಉರಿಯುತ್ತಿತ್ತು. ಅದು ಅಲಂಕಾರಕ್ಕೆ ಎಂದು ನಾವು ತಿಳಿದಿದ್ದೆವು. ಸ್ಟಾರ್ಟ್ ಆಗದಿರುವುದು ಅದಕ್ಕೇನಾ ಎಂದು ಕೇಳಿದೆ. ಆತ ಅಷ್ಟರಲ್ಲಿ ಯಾರದೋ ಟೂರಿಸ್ಟ್ ವ್ಯಾನಿನ ಕೆಳಗೆ ಹೋಗಿದ್ದ. ಅಲ್ಲಿಂದಲೇ, ಇರಬಹುದು ಸಾರ್ ಎಂದ.

ವಿಜ್ಞಾನ ಓದಿದವನಿಗೆ ಇರಬಹುದು ಎಂಬ ಒಂದು ಮಾತು ಸಾಕು. ಮರುದಿನ ಲೀಫ್ ಶೆಡ್ಡಿನಲ್ಲಿ ಎಲ್ಲರ ಮುಂದೆ ವಿವರಿಸಿದೆ. ಸೆನ್ಸರ್ ಎಂದರೆ ಕಾರಿನ ಮೂಗು. ಮೇಲೆ ಹೋದಂತೆ ಗಾಳಿ ತೆಳು. ಆರೋಗ್ಯವಾಗಿರುವ ಮೂಗು ಹೇಗೋ ಹೊಂದಿಕೊಳ್ಳುತ್ತದೆ. ಕೆಟ್ಟ ಮೂಗು ಗಾಳಿಯೇ ಇಲ್ಲ ಎಂದು ಇಂಜಿನ್ನಿಗೆ ತಿಳಿಸುತ್ತದೆ. ಇಂಜಿನ್ನು ಹೆದರಿ ಏಳುವುದಿಲ್ಲ. ಒಬ್ಬರು, ಹಾಗಾದರೆ ಇಷ್ಟು ವರ್ಷ ಎದ್ದದ್ದು ಹೇಗೆ ಎಂದರು. ವಯಸ್ಸಾಯಿತಲ್ಲ ಎಂದೆ. ಎಲ್ಲರೂ ತಲೆಯಾಡಿಸಿದರು, ಹಾಗೆಯೇ ಕುನ್ನಪ್ಪನ ಕಡೆ ನೋಡಿ, ತಕ್ಷಣ ಬೇರೆ ಕಡೆ ನೋಡಿದರು. ಅವರು ಲೀಫ್ ಚೀಲದ ಬಾಯಿ ಕಟ್ಟುತ್ತಿದ್ದರು.

ಆ ಸಂಜೆ ಊಟಕ್ಕೆ ಕೂತಾಗ ಅವರೇ ಮಾತೆತ್ತಿದರು. ಕಾರನ್ನು ಕೆಳಗಿನ ಗಾಳಿಯಲ್ಲಿ ಒಂದೆರಡು ದಿನ ಇಟ್ಟು ನೋಡೋಣ. ಗೌರಿಯ ಅಂಗಳದಲ್ಲಿ ಜಾಗವಿದೆ. ತಾನು ಕಾರಿನ ಜೊತೆಗೆ ಹೋಗಬೇಕಾಗುತ್ತದೆ, ಅದು ಬೇರೆಯವರ ಕೈಗೆ ಬಗ್ಗುವುದಿಲ್ಲ. ಈ ಮಾತು ಹೇಳಿ ಮುಗಿಸಲು ಅವರಿಗೆ ಅರ್ಧ ಊಟದ ಹೊತ್ತು ಹಿಡಿಯಿತು. ಎರಡು ದಿನವಾದರೂ ಮನುಷ್ಯ ಸರಿಯಾಗಿ ಉಸಿರಾಡುತ್ತಾರಲ್ಲ ಎಂದುಕೊಂಡು, ಅನ್ನ ನೋಡುತ್ತ, ಕಾರಿಗೆ ಅದೇ ಒಳ್ಳೆಯದು ಎಂದೆ. ನನ್ನ ಹೆಂಡತಿ ನನ್ನನ್ನು ನೋಡಿ ಇನ್ನೊಂದು ಸೌಟು ಸಾರು ಬಡಿಸಿದಳು.

ನಮ್ಮಲ್ಲಿ ಯಾರಾದರೂ ದೂರ ಹೊರಟರೆ ಹಿರಿಯರ ಮುಂದೆ ತಲೆ ಬಗ್ಗಿಸುತ್ತಾರೆ. ಅವರು ತಲೆ ಮುಟ್ಟಿ, ಬದುಕು, ಬದುಕು ಎಂದು ಹರಸುತ್ತಾರೆ. ಹೊರಡುವ ಬೆಳಿಗ್ಗೆ ಹಟ್ಟಿಯ ಹಿರಿಯಜ್ಜ ಮೊದಲು ಕುನ್ನಪ್ಪನ ತಲೆ ಮುಟ್ಟಿದರು, ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟರು. ಕಾರಿಗೇ ಹೆಚ್ಚು ಹೊತ್ತು ಹರಸಿದರು. ಯಾರೂ ನಗಲಿಲ್ಲ. ಆಸ್ಪತ್ರೆಗೆ ಹೊರಟವರ ಮುಂದೆ ನಗುವುದು ಒಳ್ಳೆಯದಲ್ಲ.

ಊಟಿ ದಾಟಿ ಕಲ್ಹಟ್ಟಿ ಘಾಟಿಗೆ ಇಳಿದೆವು, ಸ್ಟೀರಿಂಗ್ ಮಾತ್ರ ನನ್ನ ಕೈಯಲ್ಲೇ ಇತ್ತು. ಫಸ್ಟ್ ಗೇರಿನಲ್ಲಿ ತಿರುವಿನ ಮೇಲೆ ತಿರುವು. ಪ್ರತಿ ತಿರುವಿಗೂ ಕುನ್ನಪ್ಪ ಕಿಟಕಿ ಇನ್ನಷ್ಟು ಇಳಿಸಿ, ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, ಈಗ ವಾಸಿ ಎನ್ನುತ್ತಿದ್ದರು. ಮೇಲಿನ ತಣ್ಣನೆಯ ವಾಸನೆ ಹೋಗಿ ಒಣ ಹುಲ್ಲಿನ ವಾಸನೆ ಬಂತು. ಮಾವನಲ್ಲದಲ್ಲಿ ಗೌರಿಯ ಅಂಗಳದೊಳಗೆ ನಿಲ್ಲಿಸಿ, ಆಫ್ ಮಾಡಿ, ಉಸಿರು ಬಿಗಿಹಿಡಿದು ಮತ್ತೆ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು. ಮತ್ತೊಮ್ಮೆ ಮಾಡಿದೆ, ಮತ್ತೆ ಎದ್ದಿತು. ಗೌರಿಯ ಗಂಡನಿಗೆ ಗಾಳಿಯ ಒತ್ತಡದ ಪಾಠ ಪೂರ್ತಿ ಹೇಳಿದೆ. ಪಾಪ, ಅವನು ಆನೆ ಬಂದು ಬೇಲಿ ಕೆಡವಿದ ವಿಷಯ ಹೇಳಲು ಬಂದಿದ್ದ.

ಮಾರನೆಯ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್.

ನನಗೆ ಅವಮಾನವಾಯಿತು ಎನ್ನಲೇಬೇಕು. ಒಂದು ರಾತ್ರಿಗೆ ವಾಸಿಯಾಗುವ ಕಾಯಿಲೆಯೇ, ನಿಧಾನ ಎಂದು ಹೇಳಿ, ಮಸಿನಗುಡಿಯ ಮೆಕ್ಯಾನಿಕ್ ಬಶೀರನಿಗೆ ಹೇಳಿಕಳಿಸಿ, ಅವನು ಬರುವ ಮೊದಲೇ ಬಸ್ಸು ಹತ್ತಿದೆ. ಕುನ್ನಪ್ಪ ಅಂದು ಸಂಜೆ ಫೋನ್ ಮಾಡಿದರು. ಸೆನ್ಸರ್ ಕೊಯಮತ್ತೂರಿನಿಂದ ಬರಬೇಕಂತೆ. ಬರುವ ತನಕ ಕಾರನ್ನು ಬಿಟ್ಟು ಬರಲಾಗುವುದಿಲ್ಲ. ನಾನು ಆಗಲಿ ಎಂದೆ. ಆಮೇಲೆ ಆ ಸೆನ್ಸರ್ ಬರುತ್ತಲೇ ಇತ್ತು. ಒಮ್ಮೆ ತಪ್ಪು ಸೆನ್ಸರ್ ಬಂದಿತು. ಒಮ್ಮೆ ಕೊಯಮತ್ತೂರಿನ ಅಂಗಡಿಯವನ ಮಗಳ ಮದುವೆ ಬಂತು. ಹಟ್ಟಿಯಲ್ಲಿ ಸಿಕ್ಕಿದವರೆಲ್ಲ ಕಾರು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಪರವಾಯಿಲ್ಲ, ಇನ್ನೂ ಪೂರ್ತಿ ಗುಣವಾಗಿಲ್ಲ ಎಂದು ನಾನು ಹೇಳುತ್ತಿದ್ದೆ. ಕುನ್ನಪ್ಪ ಹೇಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಕೇಳುವಾಗ ಅವರ ಮುಖ ಮಾತ್ರ ಕಾರಿನ ಬಗ್ಗೆ ಕೇಳುವವರ ಮುಖದಂತೆ ಇರುತ್ತಿರಲಿಲ್ಲ.

ಚಳಿ ಶುರುವಾಗಿ ಟೀ ಗಿಡದ ಮೇಲೆ ಹಿಮ ಬಿದ್ದ ಮೇಲೆ ನನಗೆ ತಡೆಯಲಾಗಲಿಲ್ಲ, ಸ್ವೆಟರ್ ಕೊಡುವ ನೆಪದಲ್ಲಿ ಕೆಳಗಿಳಿದೆ. ಮಸಿನಗುಡಿಯಲ್ಲಿ ಬಸ್ಸಿಳಿದು ಟೀ ಕುಡಿಯುವಾಗ ಬಶೀರ್ ಸಿಕ್ಕಿದ. ಗೂಡಲೂರು ಕಡೆಯವನು, ದೊಡ್ಡ ಗಂಟಲು, ಪಕ್ಕದಲ್ಲಿರುವವನಿಗೂ ರಸ್ತೆಯಾಚೆ ಇರುವವನಿಗೆ ಹೇಳಿದಂತೆ ಹೇಳುತ್ತಾನೆ. ಸೆನ್ಸರ್ ಬಂತೇ ಎಂದು ಕೇಳಿದೆ. ಯಾವ ಸೆನ್ಸರ್ ಎಂದ. ನನ್ನ ಸಿದ್ಧಾಂತವನ್ನು ಚುಟುಕಾಗಿ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟ.

"ಸಾರೇ, ಅದು ಇರೋದು ಹೊಗೆ ಪೈಪಲ್ಲಿ. ಒಳಗಿಂದ ಬರೋ ಹೊಗೆ ನೋಡೋದು ಅದರ ಕೆಲಸ, ಊರ ಗಾಳಿ ನೋಡೋದಲ್ಲ. ಇಂಜಿನ್ ಬಿಸಿ ಆಗೋ ತನಕ ಅದರ ಮಾತು ಯಾರೂ ಕೇಳೋದೇ ಇಲ್ಲ. ಅದು ಕೆಟ್ರೆ ಪೆಟ್ರೋಲ್ ಜಾಸ್ತಿ ಕುಡೀತದೆ, ಎಳೆಯೋದು ಕಮ್ಮಿ ಆಗ್ತದೆ. ಬೆಳಿಗ್ಗೆ ಏಳದೆ ಇರೋಕೆ ಅದು ಕಾರಣ ಅಲ್ಲ."

ಕಾರಣ ಬೇರೆಯೇ ಇತ್ತಂತೆ. ಇಂಜಿನ್ನಿನಿಂದ ಕಾರಿನ ತಗಡಿಗೆ ಹೋಗುವ ಅರ್ತ್ ವಯರು, ಬ್ಯಾಟರಿಯ ಕರೆಂಟು ಹಾಯುವ ತಂತಿ, ತುಕ್ಕು ಹಿಡಿದು ಸಡಿಲವಾಗಿತ್ತು. ದಾರಿಯ ಕುಲುಕಾಟಕ್ಕೆ ಒಮ್ಮೊಮ್ಮೆ ತಾನೇ ಕೂಡಿಕೊಳ್ಳುತ್ತಿತ್ತು, ತಣ್ಣಗಾದಾಗ ಬಿಟ್ಟುಕೊಳ್ಳುತ್ತಿತ್ತು. ಉಜ್ಜಿ ಬಿಗಿ ಮಾಡಿದನಂತೆ, ಅಷ್ಟೇ. ಯಾವಾಗ ಎಂದು ಕೇಳಿದೆ. ನೀವು ಬಸ್ಸು ಹತ್ತಿದ ದಿನವೇ ಎಂದ. ಕೊಯಮತ್ತೂರಿಗೆ ಏನನ್ನೂ ಹೇಳಿಯೇ ಇರಲಿಲ್ಲ. ಹಳದಿ ದೀಪ ಉರಿದರೆ ಉರಿಯಲಿ ಎಂದು ಕುನ್ನಪ್ಪ ಹೇಳಿದ್ದರಂತೆ.

ಮಾವನಲ್ಲದ ತನಕ ನಡೆಯುವಾಗ ಮೈ ಉರಿಯುತ್ತಿತ್ತು. ಅಲ್ಲ, ಹಟ್ಟಿಯವರಿಗೆ ಹೇಳದಿದ್ದರೆ ಬೇಡ, ನನಗಾದರೂ ಹೇಳಬಹುದಿತ್ತಲ್ಲ! ಲೀಫ್ ಶೆಡ್ಡಿನಲ್ಲಿ ಕಾರಿನ ಆರೋಗ್ಯದ ವರದಿ ಒಪ್ಪಿಸುತ್ತ ನಿಂತವನು ನಾನು. ಇಲ್ಲದ ಅಂಗಡಿಯವನ ಇಲ್ಲದ ಮಗಳು ಸುಖವಾಗಿರಲಿ ಎಂದು ಮನಸ್ಸಿನಲ್ಲೇ ಹರಸಿದವನು ನಾನು. ಬೈಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಅಂಗಳದಲ್ಲಿ ಕಾರಿನ ಇಂಜಿನ್ ಓಡುತ್ತಿತ್ತು. ಕುನ್ನಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದರು, ಎಲ್ಲಿಗೂ ಹೊರಟ ಲಕ್ಷಣವಿರಲಿಲ್ಲ. ದಿನಾ ಬೆಳಿಗ್ಗೆ ಹೀಗೇ ಎಂದು ಗೌರಿ ಬಾಗಿಲಿಂದಲೇ ಹೇಳಿದಳು. ಸ್ಟಾರ್ಟ್ ಮಾಡುತ್ತಾರೆ, ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ, ಆಫ್ ಮಾಡಿ ಒಳಗೆ ಬಂದು ತಿಂಡಿ ಕೇಳುತ್ತಾರೆ. ಅವರ ಕೆನ್ನೆ ತುಂಬಿಕೊಂಡಿತ್ತು. ತುಟಿಯ ನೀಲಿ ಹೋಗಿತ್ತು. ಜೋಡಿಸಿಕೊಂಡ ಮಾತುಗಳಲ್ಲಿ ಮೊದಲನೆಯದು ಯಾವುದೆಂದೇ ಮರೆತುಹೋಯಿತು.

"ಬಶೀರ್ ಸಿಕ್ಕಿದ್ದ," ಎಂದೆ.

ಅವರು ಇಂಜಿನ್ ಆಫ್ ಮಾಡಿದರು. "ಹಟ್ಟೀಲಿ ಏನ ಹೇಳಿದ್ದೀ?"

"ಸೆನ್ಸರ್ ಇನ್ನೂ ಬಂದಿಲ್ಲೆ ಅಂತ."

"ಶರಿ. ಹಾಗೇ ಹೇಳ್ತಾ ಇರು."

ಹೇಳುತ್ತೇನೆ ಎಂದೆ. ಅದರಲ್ಲಿ ಕಷ್ಟವೇನಿಲ್ಲ. ಆದರೆ ಎಲ್ಲಿಗೂ ಹೋಗದ ಕಾರನ್ನು ದಿನಾ ಎಬ್ಬಿಸುವುದೇಕೆ ಎಂದು ಕೇಳಿದೆ. ಅವರು ಇಳಿದು, ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಡಿಕ್ಕಿ ತೆರೆದರು. ಹಿಂದಿನ ಸೀಟು ಮಡಚಿತ್ತು. ಮೇಲೆ ಕಂಬಳಿ ಹಾಸಿತ್ತು.

"ಆಂಬುಲೆನ್ಸ್ ಎಲ್ಲ ಕರೀಬೇಡ, ಅದು ಬರೋ ಹೊತ್ತಿಗೆ ಕತ್ತಲಾಗುತ್ತೆ, ಅವನಿಗೆ ಹಟ್ಟಿ ದಾರಿಯೂ ಗೊತ್ತಿರೋದಿಲ್ಲೆ, ಈ ಸೀಟು ಮಡಚಿ ಮುಂದಿನ ಎಡಗಡೆ ಸೀಟನ್ನ ಪೂರ್ತಿ ಒರಗಿಸಿದ್ರೆ ನಾ ಉದ್ದಕ್ಕೂ ಹಿಡೀತೀನಿ, ಮಲಗಿ ನೋಡಿದ್ದೀನಿ, ಕಾಲು ಮಾತ್ರ ಚೂರು ಮಡಚಬೇಕು, ಕಲ್ಹಟ್ಟಿ ಏರು ಅಲ್ಲವಾ, ಅದಕ್ಕೆ ಎನ್ನ ತಲೆ ಮುಂದಕ್ಕಿರಲಿ, ಮತ್ತೆ ನೀನೇ ಓಡಿಸು, ಗೌರಿ ಗಂಡನ ಕೈಗೆ ಕೊಡಬೇಡ, ಅವನು ತಿರುವಿಗೊಂದು ಬ್ರೇಕ್ ಒತ್ತಿ ಸತ್ತವರನ್ನೂ ಎಬ್ಬಿಸಿಬಿಡ್ತಾನೆ."

ನಾನು ಕಂಬಳಿಯನ್ನು ನೋಡುತ್ತ ನಿಂತೆ. ದಿನಾ ಬೆಳಿಗ್ಗೆ ಅವರು ಕಿವಿಗೊಟ್ಟು ಕೇಳುತ್ತಿದ್ದದ್ದು ತಮ್ಮನ್ನು ಹಟ್ಟಿಗೆ ಮುಟ್ಟಿಸುವ ಗಾಡಿಯ ಸದ್ದನ್ನು. ಆಗಲಿ, ತಲೆ ಮುಂದಕ್ಕೇ ಇರುತ್ತದೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು: ಆಂಬುಲೆನ್ಸಿನಿಂದ ಹಿಡಿದು ಬ್ರೇಕಿನ ತನಕ ಅವರು ಒಮ್ಮೆಯೂ ನಿಂತಿರಲಿಲ್ಲ. ಮೇಲಿದ್ದಾಗ ಒಂದು ಲೋಟ ನೀರು ಕೊಡು ಎನ್ನುವುದರೊಳಗೆ ನಿಲ್ಲುತ್ತಿದ್ದ ಮನುಷ್ಯ ತನ್ನ ಹೆಣದ ಏರ್ಪಾಟನ್ನು ಪೂರ್ತಿಯಾಗಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಖ ತಿರುಗಿಸಿಕೊಂಡು ಕಂಬಳಿಯ ಸುಕ್ಕು ಸರಿಮಾಡಿದೆ. ಅವರು ಅಷ್ಟರಲ್ಲಿ ಗೌರಿಯ ಗಂಡ ಕ್ಲಚ್ಚನ್ನು ತುಳಿಯುವ ರೀತಿಗೆ ಬಂದಿದ್ದರು, ಸದ್ಯಕ್ಕೆ ನಿಲ್ಲಿಸುವಂತೆ ಕಾಣಲಿಲ್ಲ.